ವ್ಯಕ್ತಿನಾಮಗಳ ಕಥೆ

ತೊಟ್ಟಿಲಲ್ಲಿ ಮಲಗಿದ ಕೂಸಿಗೆ ಹೆಸರಿಡುವ ದಿನ ಮನೆಯಲ್ಲಿ ಸಂಭ್ರಮ ತುಂಬಿರುತ್ತದೆ. ಹಿರಿಯರು ಮಗುವಿನ ಕಿವಿಯಲ್ಲಿ ಹೆಸರನ್ನು ಮೆಲ್ಲನೆ ಉಸುರುತ್ತಾರೆ; ನೆರೆದ ಹೆಣ್ಣುಮಕ್ಕಳು ತೊಟ್ಟಿಲು ತೂಗಿ ಹಾಡುತ್ತಾರೆ. ತನಗೆ ದೊರೆತ ಆ ಕಾಣಿಕೆಯ ಬೆಲೆಯನ್ನು ಕೂಸು ತಿಳಿಯದು. ಬೆಳೆದು ದೊಡ್ಡವರಾದ ಮೇಲೂ ಎಷ್ಟೋ ಮಂದಿ ತಮ್ಮ ಹೆಸರಿನ ಅರ್ಥವನ್ನು ವಿಚಾರಿಸುವುದಿಲ್ಲ. ಆದರೆ ಹೆಸರೆಂಬುದು ಕರೆಯುವುದಕ್ಕಾಗಿ ಇರುವ ಬರಿಯ ಗುರುತಲ್ಲ. ಇಟ್ಟವರ ಭಕ್ತಿ, ಕೃತಜ್ಞತೆ, ಭಯ, ಬಯಕೆಗಳು ಅದರಲ್ಲಿ ಅಡಗಿರುತ್ತವೆ. ಹಲವು ಭಾಷೆಗಳ ಹೆಸರುಗಳನ್ನು ಒಟ್ಟಿಗೆ ಇರಿಸಿ ನೋಡಿದರೆ, ಒಬ್ಬರನ್ನೊಬ್ಬರು ಕಂಡರಿಯದ ಜನರ ಅಂತರಂಗಗಳು ಒಂದೇ ಬಗೆಯಲ್ಲಿ ಮಿಡಿದಿರುವುದು ತಿಳಿಯುತ್ತದೆ.

ಮಗು ದೇವರ ಕೊಡುಗೆ ಎಂಬ ಭಾವನೆ ಎಲ್ಲ ನಾಡುಗಳಲ್ಲಿಯೂ ಉಂಟು. ಸಂಸ್ಕೃತದಲ್ಲಿ ಇದು 'ದೇವದತ್ತ' ಎಂಬ ಹೆಸರಾಯಿತು. ಗ್ರೀಕರು ಇದನ್ನೇ 'ಥಿಯೋಡೋರ್' ಎಂದರು. ಹೀಬ್ರೂ ಭಾಷೆಯ 'ನತಾನಿಯೇಲ್', ಅರಬ್ಬಿಯ 'ಅತಾವುಲ್ಲಾ', ಪಾರಸಿಯ 'ಖುದಾಬಕ್ಷ್', ಸ್ಲಾವ್ ಜನರ 'ಬೊಗ್ದಾನ್'—ಇವೆಲ್ಲವುಗಳ ಭಾವವೂ ದೇವರು ಕೊಟ್ಟವನು ಎಂಬುದೇ. ತಾನು ದೇವರ ಆಳು ಎಂಬ ವಿನಯವೂ ಹೀಗೆಯೇ ಹಲವು ನುಡಿಗಳಲ್ಲಿ ಹೆಸರಾಗಿದೆ. ಅರಬ್ಬಿಯ 'ಅಬ್ದುಲ್ಲಾ', ಹೀಬ್ರೂವಿನ 'ಓಬದ್ಯ', ಇಥಿಯೋಪಿಯದ 'ಗೆಬ್ರೆ ಸೆಲಾಸ್ಸಿ', ಭಾರತದ 'ದೇವದಾಸ', ಕನ್ನಡದ 'ದಾಸಪ್ಪ' ಇವು ಒಂದೇ ಭಾವದ ಬೇರೆ ಬೇರೆ ರೂಪಗಳು. ಭಾಷೆ ಬೇರೆ, ದೇವರನ್ನು ಕರೆಯುವ ಬಗೆ ಬೇರೆ. ಕೈಮುಗಿದ ಮನಸ್ಸು ಒಂದೇ.

ಹೆಸರನ್ನು ಕೇಳಿದೊಡನೆ ಅದನ್ನು ಹೊತ್ತವರ ಶ್ರದ್ಧೆ ಇಂಥದೇ ಎಂದು ನಿರ್ಧರಿಸುವುದು ಸಲ್ಲದು. ಇದಕ್ಕೆ ಮಧ್ಯಪ್ರದೇಶದ ವಿದಿಶೆಯ ಬಳಿ ಬೆಸನಗರದಲ್ಲಿರುವ ಶಿಲಾಸ್ತಂಭವೊಂದು ಸಾಕ್ಷಿಯಾಗಿದೆ. ಕ್ರಿ.ಪೂ. 2ನೆಯ ಶತಮಾನದಲ್ಲಿ ತಕ್ಷಶಿಲೆಯ ಗ್ರೀಕ್ ಅರಸನಾದ ಅಂತಿಯಾಲ್ಕಿದಾಸನು ಭಾಗಭದ್ರನೆಂಬ ರಾಜನ ಬಳಿಗೆ ಒಬ್ಬ ರಾಯಭಾರಿಯನ್ನು ಕಳುಹಿಸಿದನು. ಆತನ ಹೆಸರು ಹೆಲಿಯೋಡೋರಸ್. ಗ್ರೀಕರ ಸೂರ್ಯದೇವತೆಯಾದ ಹೀಲಿಯೋಸನ ಕೊಡುಗೆ ಎಂಬುದು ಈ ಹೆಸರಿನ ಅರ್ಥ. ಆದರೆ ಆತನು ಬೆಸನಗರದಲ್ಲಿ ನಿಲ್ಲಿಸಿದ್ದು ವಾಸುದೇವನಿಗೆ ಅರ್ಪಿಸಿದ ಗರುಡಸ್ತಂಭವನ್ನು. ಬ್ರಾಹ್ಮೀ ಲಿಪಿಯ ಆ ಶಾಸನದಲ್ಲಿ ಅವನು ತನ್ನನ್ನು 'ಭಾಗವತ' ಎಂದು ಕರೆದುಕೊಂಡಿದ್ದಾನೆ. ತಂದೆತಾಯಿಗಳು ಇಟ್ಟ ಹೆಸರು ಗ್ರೀಸಿನದು. ಅವನ ಭಕ್ತಿ ಒಲಿದದ್ದು ಭಾರತದ ದೈವಕ್ಕೆ. ಎರಡೂ ಒಂದೇ ಕಲ್ಲಿನ ಮೇಲೆ ಇಂದಿಗೂ ನೆಮ್ಮದಿಯಿಂದಿವೆ.

ಹೆಸರುಗಳು ಮನುಷ್ಯರಂತೆ ಪಯಣ ಮಾಡುತ್ತವೆ. ಹೋದ ಊರಿನ ಉಡುಪನ್ನು ಧರಿಸುತ್ತವೆ. 'ಯಹೋವನು ಕೃಪೆ ತೋರಿದನು' ಎಂಬ ಅರ್ಥವುಳ್ಳ 'ಯೋಹಾನಾನ್' ಎಂಬ ಹೀಬ್ರೂ ಹೆಸರು ಇದಕ್ಕೆ ಒಳ್ಳೆಯ ನಿದರ್ಶನ. ಗ್ರೀಕಿನಲ್ಲಿ ಅದು 'ಇಯೋಅನ್ನೇಸ್' ಆಯಿತು. ಲ್ಯಾಟಿನ್ನಿನಲ್ಲಿ 'ಯೋಹಾನ್ನೆಸ್' ಆಯಿತು. ಮುಂದೆ ಇಂಗ್ಲಿಷರ ಬಾಯಲ್ಲಿ 'ಜಾನ್', ಜರ್ಮನರಲ್ಲಿ 'ಹಾನ್ಸ್', ರಷ್ಯನ್ನರಲ್ಲಿ 'ಇವಾನ್', ಇಟಲಿಯವರಲ್ಲಿ 'ಜೊವಾನ್ನಿ' ಎಂದಾಯಿತು. ಕುರಾನಿನಲ್ಲಿ ಬರುವ ಪ್ರವಾದಿ 'ಯಹ್ಯಾ' ಬೈಬಲಿನ ಸ್ನಾನಿಕ ಯೋಹಾನನೇ. ಪೋರ್ಚುಗೀಸರ ಮೂಲಕ ಬಂದ ರೂಪವು ಕರಾವಳಿಯ ಕೊಂಕಣಿ ಕ್ರೈಸ್ತರಲ್ಲಿ 'ಜುವಾಂವ್' ಎಂದು ನೆಲೆಸಿತು. ಇವಾನನೂ ಜುವಾಂವನೂ ಎದುರುಬದುರಾದರೆ ತಮ್ಮಿಬ್ಬರದೂ ಒಂದೇ ಹೆಸರೆಂದು ಅವರು ಅರಿಯುವುದು ಸುಲಭವಲ್ಲ.

ಇದಕ್ಕಿಂತಲೂ ವಿಸ್ಮಯಕರವಾದುದು 'ಬೋಧಿಸತ್ತ್ವ' ಎಂಬ ಪದದ ಪಯಣ. ಅರಮನೆಯ ಭೋಗವನ್ನು ತೊರೆದು ಸತ್ಯವನ್ನರಸಿದ ರಾಜಕುಮಾರನ ಕಥೆ ಭಾರತದಿಂದ ಪಶ್ಚಿಮಕ್ಕೆ ಸಾಗಿತು. ಅರಬ್ಬಿಯಲ್ಲಿ ಅವನ ಹೆಸರು 'ಬೂದಾಸಫ್' ಎಂದಾಯಿತು. ಅರಬ್ಬಿ ಲಿಪಿಯಲ್ಲಿ ಪದದ ಮೊದಲಿಗೆ ಬರುವ ಬಕಾರಕ್ಕೂ ಯಕಾರಕ್ಕೂ ಇರುವ ವ್ಯತ್ಯಾಸ ಒಂದು ಚುಕ್ಕೆಯದು ಮಾತ್ರ. ಈ ಚುಕ್ಕೆಯ ಗೊಂದಲದಿಂದ ಬೂದಾಸಫನು 'ಯೂದಾಸಫ್' ಆದನು. ಜಾರ್ಜಿಯನ್ ಭಾಷೆಯನ್ನು ಹಾದು ಗ್ರೀಕಿನಲ್ಲಿ 'ಇಯೋಅಸಾಫ್', ಲ್ಯಾಟಿನ್ನಿನಲ್ಲಿ 'ಜೋಸಫಾತ್' ಎಂದು ಬದಲಾಗಿ, ಕಡೆಗೆ ಕ್ರೈಸ್ತ ಸಂತನೆಂದೇ ಪೂಜ್ಯನಾದನು. ರೋಮಿನ ಸಂತರ ಪಟ್ಟಿಯಲ್ಲಿ ನವೆಂಬರ್ 27 ಅವನ ಸ್ಮರಣೆಯ ದಿನವಾಯಿತು. ಈ ಸಂತನ ಕಥೆಯ ಮೂಲ ಬುದ್ಧನ ಚರಿತ್ರೆಯೆಂಬುದನ್ನು 19ನೆಯ ಶತಮಾನದ ವಿದ್ವಾಂಸರು ಬೆಳಕಿಗೆ ತಂದರು.

ಕನ್ನಡ ನಾಡಿನ ಹೆಸರುಗಳ ಸೊಗಸೂ ಕಡಮೆಯದಲ್ಲ. ಸಂಸ್ಕೃತದ 'ವೃಷಭ'ವು ಕನ್ನಡದಲ್ಲಿ 'ಬಸವ'ನಾಯಿತು. 'ಬ್ರಹ್ಮ'ನು 'ಬೊಮ್ಮ'ನಾಗಿ ಬೊಮ್ಮಣ್ಣ, ಬೊಮ್ಮಯ್ಯರು ಹುಟ್ಟಿದರು. 'ಯಕ್ಷ'ನು 'ಜಕ್ಕ'ನಾಗಿ ಜಕ್ಕಣ್ಣ, ಜಕ್ಕವ್ವೆಯರು ಬಂದರು. ಹೆಸರಿನಿಂದ ಸೀಮೆಯನ್ನೂ ಊಹಿಸಬಹುದು. ಸವದತ್ತಿಯ ಸುತ್ತಿನಲ್ಲಿ ಎಲ್ಲಪ್ಪ, ಎಲ್ಲವ್ವ ಎಂಬ ಹೆಸರುಗಳು ಹೆಚ್ಚು. ಮಲೆ ಮಹದೇಶ್ವರನ ಸೀಮೆಯಲ್ಲಿ ಮಾದಪ್ಪ, ಮಾದೇವರು ಹೆಚ್ಚು. ಉತ್ತರ ಕರ್ನಾಟಕದ ಹಿಂದೂ ಮನೆತನಗಳಲ್ಲಿ ಹುಸೇನಪ್ಪ, ಫಕೀರಪ್ಪ ಎಂಬ ಹೆಸರಿನವರು ಇದ್ದಾರೆ. ಮೊಹರಮ್ಮಿನಲ್ಲಿ ಹರಕೆ ಹೊತ್ತ ತಾಯಿ, ಶಿರಹಟ್ಟಿಯ ಫಕೀರೇಶ್ವರನಿಗೆ ನಡೆದುಕೊಳ್ಳುವ ತಂದೆ ಹೀಗೆ ಹೆಸರಿಟ್ಟರೆ ಊರಿನವರಿಗೆ ಅದು ಅಚ್ಚರಿಯೆನಿಸದು. ಅರಬ್ಬಿಯ ಪದಕ್ಕೆ ಕನ್ನಡದ 'ಅಪ್ಪ' ಬೆಸೆದ ಆ ಹೆಸರುಗಳಲ್ಲಿ ನೂರಾರು ವರ್ಷಗಳ ನೆರೆಹೊರೆಯ ಬಾಳು ಅಚ್ಚೊತ್ತಿದೆ.

ಕೆಲವು ಹೆಸರುಗಳು ಮೇಲುನೋಟಕ್ಕೆ ನಗೆ ತರಿಸುತ್ತವೆ. ತಿಪ್ಪಣ್ಣ, ತಿರುಕಪ್ಪ ಎಂಬ ಹೆಸರುಗಳನ್ನು ಕೇಳಿ ಪೇಟೆಯ ಮಕ್ಕಳು ನಗುವುದುಂಟು. ಆದರೆ ಅವುಗಳ ಹಿಂದೆ ಕಣ್ಣೀರಿನ ಕಥೆಯಿದೆ. ಹೆತ್ತ ಕೂಸುಗಳು ಒಂದೊಂದಾಗಿ ಮಣ್ಣು ಸೇರುತ್ತಿದ್ದ ಕಾಲದಲ್ಲಿ, ಮುಂದಿನ ಮಗುವನ್ನಾದರೂ ಉಳಿಸಿಕೊಳ್ಳಬೇಕೆಂಬ ಹಂಬಲದಿಂದ ತಾಯಿ ಅದನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಳ್ಳುತ್ತಿದ್ದಳು. ಇಲ್ಲವೆ ತಿರಿದು ತಂದ ಮಗುವೆಂದು ಸಾರುತ್ತಿದ್ದಳು. ಯಾರಿಗೂ ಬೇಡವಾದುದನ್ನು ಮೃತ್ಯುವೂ ಮುಟ್ಟದು ಎಂಬುದು ಅವಳ ನಂಬಿಕೆ. ಮಹಾರಾಷ್ಟ್ರದಲ್ಲಿ 'ಕಲ್ಲು' ಎಂಬ ಅರ್ಥದ 'ದಗಡು', ಬಂಗಾಳದಲ್ಲಿ 'ಮೂರು ಕವಡೆಗೆ ಮಾರಿದವನು' ಎಂಬ ಭಾವದ 'ತೀನ್‌ಕಡಿ' ಎಂಬ ಹೆಸರುಗಳು ಇದೇ ಅಂಜಿಕೆಯಿಂದ ಹುಟ್ಟಿದವು. ತಿಪ್ಪೇಸ್ವಾಮಿ ಎಂಬ ಹೆಸರಿನವರಲ್ಲಿ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಭಕ್ತಿಯಿಂದ ಆ ಹೆಸರು ಪಡೆದವರೂ ಉಂಟು. ಇಟ್ಟವರ ಮನಸ್ಸನ್ನು ಅರಿಯದೆ ಹೆಸರನ್ನು ಹಳಿಯಬಾರದು.

ಹೆಸರಿನಲ್ಲಿಯೂ ಮೇಲುಕೀಳುಗಳನ್ನು ಎಣಿಸಿದ ಕಾಲವೊಂದಿತ್ತು. ಉಳ್ಳವರ ಮಗ ಕೃಷ್ಣಪ್ಪನೆನಿಸಿದರೆ, ಅವರ ಹೊಲದಲ್ಲಿ ದುಡಿಯುವ ಆಳು 'ಕಿಟ್ಟ'ನಾಗಿಯೇ ಬಾಳಿ, 'ಕಿಟ್ಟ'ನಾಗಿಯೇ ಸಾಯಬೇಕಾಗಿತ್ತು. ದೇವರು ಒಬ್ಬನೇ, ಕರೆಯುವ ನಾಲಗೆಯಲ್ಲಿ ಗೌರವ ಮಾತ್ರ ಇರಲಿಲ್ಲ. ಮನುಷ್ಯನ ಮೊಟ್ಟಮೊದಲ ಸ್ವತ್ತಾದ ಹೆಸರನ್ನೇ ಅರ್ಧಕ್ಕೆ ಕತ್ತರಿಸುವುದಕ್ಕಿಂತ ದೊಡ್ಡ ಅವಮಾನವುಂಟೆ? ಆದರೆ 12ನೆಯ ಶತಮಾನದ ಶರಣರ ಬಳಗದಲ್ಲಿ ಬಟ್ಟೆ ಒಗೆಯುವ ಮಾಚಯ್ಯ, ದೋಣಿ ನಡೆಸುವ ಚೌಡಯ್ಯ, ತೊಗಲು ಹದ ಮಾಡುವ ಕಕ್ಕಯ್ಯ ಎಲ್ಲರೂ 'ಅಯ್ಯ'ಗಳೇ. ಮಡಿವಾಳ, ಅಂಬಿಗ, ಡೋಹರ ಎಂಬ ಕಾಯಕದ ಗುರುತುಗಳೂ ಆ ಹೆಸರುಗಳ ಮುಂದೆ ತಲೆಯೆತ್ತಿ ನಿಂತಿವೆ. ಒಂದು ಚಿಕ್ಕ ಪದವನ್ನು ಹೆಸರಿಗೆ ಸೇರಿಸಿ ಕರೆಯುವುದೂ ಸಮಾಜವನ್ನು ತಿದ್ದುವ ಕಾರ್ಯವೇ ಆಗಬಲ್ಲದು.

ಹೀಗೆ ಒಂದೊಂದು ಹೆಸರೂ ಒಂದೊಂದು ಕಿರುಚರಿತ್ರೆ. ತರಗತಿಯ ಹಾಜರಿ ಪುಸ್ತಕವನ್ನು ತೆರೆದು ಓದಿದರೆ ಜೆರೂಸಲೇಮ್, ಮೆಕ್ಕಾ, ಕಾಶಿ, ಕೂಡಲಸಂಗಮಗಳು ಒಂದೇ ಪುಟದಲ್ಲಿ ಕೂಡಿ ಬರುತ್ತವೆ. ಸಹಪಾಠಿಯ ಹೆಸರಿನ ಅರ್ಥವನ್ನು ಆದರದಿಂದ ಕೇಳಿ ತಿಳಿಯುವ ವಿದ್ಯಾರ್ಥಿಯು ಆತನ ಮನೆಯ ಬಾಗಿಲನ್ನು ಅರ್ಧ ತೆರೆದಂತೆಯೇ ಸರಿ. ಇಟ್ಟವರ ಪ್ರೀತಿಯನ್ನು ನೆನೆದು, ಹೊತ್ತವರ ಮಾನವನ್ನು ಕಾದು, ಪ್ರತಿಯೊಬ್ಬರನ್ನೂ ಅವರವರ ಪೂರ್ಣ ಹೆಸರಿನಿಂದ ಕರೆಯುವುದು ಸಂಸ್ಕೃತಿಯ ಮೊದಲ ಪಾಠ.

ಅಭ್ಯಾಸ

1. 'ದೇವರು ಕೊಟ್ಟವನು' ಎಂಬ ಭಾವದ ಹೆಸರುಗಳು ಯಾವ ಯಾವ ಭಾಷೆಗಳಲ್ಲಿವೆ?
2. ಬೆಸನಗರದ ಸ್ತಂಭದಿಂದ ತಿಳಿದುಬರುವ ಸಂಗತಿಯೇನು?
3. 'ಬೋಧಿಸತ್ತ್ವ' ಎಂಬ ಪದವು 'ಜೋಸಫಾತ್' ಆದ ಬಗೆಯನ್ನು ವಿವರಿಸಿ.
4. ತಿಪ್ಪಣ್ಣ, ತಿರುಕಪ್ಪ ಎಂಬ ಹೆಸರುಗಳನ್ನು ಕೇಳಿ ನಗುವುದು ಏಕೆ ತಪ್ಪು?
5. ತತ್ಸಮ ರೂಪಗಳನ್ನು ಬರೆಯಿರಿ: ಬಸವ, ಬೊಮ್ಮ, ಜಕ್ಕ.
6. ನಿಮ್ಮ ಊರಿನಲ್ಲಿ ರೂಢಿಯಲ್ಲಿರುವ ಹತ್ತು ಹೆಸರುಗಳನ್ನು ಸಂಗ್ರಹಿಸಿ, ಅವುಗಳ ಅರ್ಥವನ್ನು ಹಿರಿಯರಿಂದ ಕೇಳಿ ಬರೆಯಿರಿ.