ಕಾರ್ಖಾನೆಯ ಕೊಳೆನೀರು, ಕಂಪನಿಯ ಸಾಹೇಬರ ಹೊಣೆ

ಸಾರವಾಡದ ಹತ್ತಿರ ಹರಿಯುವ ಡೋಣಿ ನದಿಗೆ ಕಾರ್ಖಾನೆಯೊಂದು ಕೊಳೆನೀರು ಬಿಟ್ಟಿತು ಎಂದುಕೊಳ್ಳಿ. ಜೈಲಿಗೆ ಹೋಗುವವರು ಯಾರು? ಕಂಪನಿಯನ್ನು ಕಂಬಿ ಎಣಿಸಲು ಕಳಿಸಲಾಗದು. ಅದಕ್ಕೇ 1974ರ ಜಲ ಕಾಯ್ದೆಯ 47ನೇ ಕಲಂ, ಅಪರಾಧ ನಡೆದಾಗ ವ್ಯವಹಾರದ ಉಸ್ತುವಾರಿ ಹೊತ್ತವರನ್ನೂ ತಪ್ಪಿತಸ್ಥರೆಂದೇ ಭಾವಿಸುತ್ತದೆ. ತನಗೆ ತಿಳಿಯದೆ ನಡೆಯಿತು, ಅಥವಾ ತಡೆಯಲು ಸಕಲ ಎಚ್ಚರ ವಹಿಸಿದ್ದೆ ಎಂದು ಸಾಬೀತುಪಡಿಸುವ ಭಾರ ಆರೋಪಿಯದೇ. 1986ರ ಪರಿಸರ ಸಂರಕ್ಷಣಾ ಕಾಯ್ದೆಯಲ್ಲೂ 2024ರವರೆಗೆ ಇಂಥದ್ದೇ ಕಲಂ 16 ಇತ್ತು.

ಈ 47ನೇ ಕಲಂ ಬಗ್ಗೆ ಮುಖ್ಯವಾದದ್ದು ಕರ್ನಾಟಕದ್ದೇ ಪ್ರಕರಣ. ನಗರಸಭೆಯೂ ನಿಗಮಿತ ಸಂಸ್ಥೆಯಾದ್ದರಿಂದ ಅದರ ಆಯುಕ್ತರಿಗೂ 47ನೇ ಕಲಂ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿತು.

ಆದರೆ ಭೋಪಾಲ ಅನಿಲ ದುರಂತದಲ್ಲಿ ಕಂಪನಿಯ ಅಧಿಕಾರಿಗಳಿಗೆ 2010ರಲ್ಲಿ ಸಿಕ್ಕಿದ್ದು ಬರೀ 2 ವರ್ಷದ ಶಿಕ್ಷೆ, ಅದೂ ಐಪಿಸಿ 304ಎ (ನಿರ್ಲಕ್ಷ್ಯದಿಂದ ಸಾವು) ಅಡಿ.

ಜನ ವಿಶ್ವಾಸ ಕಾಯ್ದೆ, 2023 ಪರಿಸರ ಕಾಯ್ದೆಯ ಜೈಲು ಶಿಕ್ಷೆಯ ಜಾಗಕ್ಕೆ 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡ ತಂದಿತು. ಜಾರಿ 2024ರ ಏಪ್ರಿಲ್ 1.