ಸೌರಮಾರುತದಿಂದ ಮಂಗಳದವರೆಗೆ: ಭೌತವಿಜ್ಞಾನಿ ಉಡುಪಿ ರಾಮಚಂದ್ರ ರಾವ್

ಭಾರತದ ಗ್ರಹಾನ್ವೇಷಣೆಯ ಚರಿತ್ರೆಯನ್ನು ಸಾಮಾನ್ಯವಾಗಿ 2008ರ ಚಂದ್ರಯಾನದಿಂದ ಆರಂಭಿಸುವುದು ವಾಡಿಕೆ. ಆದರೆ ಅದಕ್ಕೂ ನಾಲ್ಕು ದಶಕಗಳ ಹಿಂದೆಯೇ ಸೂರ್ಯನನ್ನು ಸುತ್ತುತ್ತಿದ್ದ ವ್ಯೋಮನೌಕೆಗಳಲ್ಲಿ ಕನ್ನಡ ನಾಡಿನ ಭೌತವಿಜ್ಞಾನಿಯೊಬ್ಬರು ಪಾಲುಗೊಂಡು ರೂಪಿಸಿದ ಉಪಕರಣಗಳಿದ್ದವು. ನೌಕೆ ಅಮೆರಿಕದ್ದು, ರಾಕೆಟ್ ಅಮೆರಿಕದ್ದು. ಆ ವಿಜ್ಞಾನಿಯೇ ಉಡುಪಿ ರಾಮಚಂದ್ರ ರಾವ್. ಪರದೇಶದ ನೌಕೆಯಲ್ಲಿ ಉಪಕರಣವಿರಿಸುವ ಸ್ಥಿತಿಯಿಂದ ಸ್ವದೇಶದ ನೌಕೆಯನ್ನೇ ಮಂಗಳಕ್ಕೆ ಕಳುಹಿಸುವ ಸ್ಥಿತಿಗೆ ಭಾರತ ಬಂದ ಬಗೆಯನ್ನು ಅವರ ವೃತ್ತಿಜೀವನದಲ್ಲಿ ಹಂತಹಂತವಾಗಿ ಕಾಣಬಹುದು.

ಉಡುಪಿ ಸಮೀಪದ ಅದಮಾರು ಗ್ರಾಮದಲ್ಲಿ 1932ರ ಮಾರ್ಚ್ 10ರಂದು ಜನಿಸಿದ ರಾಮಚಂದ್ರರಾಯರು ಉಡುಪಿ, ಬಳ್ಳಾರಿ, ಅನಂತಪುರಗಳಲ್ಲಿ ಓದಿ, ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಬಳಿಕ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದಲ್ಲಿ ಡಾ. ವಿಕ್ರಮ್ ಸಾರಾಭಾಯಿ ಅವರ ಮಾರ್ಗದರ್ಶನದಲ್ಲಿ ವಿಶ್ವಕಿರಣಗಳನ್ನು ಕುರಿತು ಸಂಶೋಧನೆ ನಡೆಸಿ, 1960ರಲ್ಲಿ ಡಾಕ್ಟರೇಟ್ ಗಳಿಸಿದರು.

ವಿಶ್ವಕಿರಣಗಳೆಂದರೆ ಬಾಹ್ಯಾಕಾಶದಿಂದ ಅತಿವೇಗವಾಗಿ ಬರುವ ಕಣಗಳು. ಇವುಗಳಲ್ಲಿ ಹೆಚ್ಚಿನವು ಸೌರಮಂಡಲದ ಆಚೆಯಿಂದ ಬರುವುದರಿಂದ, ಎಲ್ಲ ದಿಕ್ಕುಗಳಿಂದಲೂ ಒಂದೇ ಸಮನಾಗಿ ಬರಬೇಕೆಂಬುದು ಸಹಜವಾದ ನಿರೀಕ್ಷೆ. ಆದರೆ ಭೂಮಿಯ ಮೇಲಿನ ಅಳತೆಗಳಲ್ಲಿ ದಿನದ ವೇಳೆಗೆ ತಕ್ಕಂತೆ ಅಲ್ಪ ಏರಿಳಿತ ಕಂಡುಬರುತ್ತಿತ್ತು. ಸೂರ್ಯನ ಕಾಂತಕ್ಷೇತ್ರ ಈ ಕಣಗಳ ದಾರಿಯನ್ನು ಬಾಗಿಸುತ್ತದೆ ಎಂಬ ಊಹೆಯೇನೋ ಇತ್ತು. ಅದನ್ನು ನೆಲದ ಮೇಲೆ ಕುಳಿತು ನಿರ್ಧರಿಸುವುದು ಕಷ್ಟ. ವಾಯುಮಂಡಲವೂ ಭೂಮಿಯ ಕಾಂತಕ್ಷೇತ್ರವೂ ಅಡ್ಡ ಬಂದು ಮೂಲ ಸಂಕೇತವನ್ನು ಕದಡಿಬಿಡುತ್ತವೆ. ಆದುದರಿಂದ ಉಪಕರಣವೇ ಭೂಮಿಯನ್ನು ಬಿಟ್ಟು ದೂರ ಹೋಗಬೇಕಾಗಿತ್ತು.

1961ರಲ್ಲಿ ರಾವ್ ಅವರು ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯನ್ನು ಸೇರಿದರು. ಮರುವರ್ಷ ಆಗಸ್ಟ್ 27ರಂದು ಹೊರಟ ಮ್ಯಾರಿನರ್-2 ನೌಕೆ ಡಿಸೆಂಬರ್ 14ರಂದು ಶುಕ್ರಗ್ರಹದ ಬಳಿ ಹಾದುಹೋಯಿತು. ಬೇರೊಂದು ಗ್ರಹವನ್ನು ಸಮೀಪದಿಂದ ಯಶಸ್ವಿಯಾಗಿ ವೀಕ್ಷಿಸಿದ ಮೊದಲ ನೌಕೆ ಇದು. ಶುಕ್ರನ ಸುದ್ದಿ ಪತ್ರಿಕೆಗಳನ್ನು ತುಂಬಿತಾದರೂ, ದಾರಿಯುದ್ದಕ್ಕೂ ದೊರೆತ ಅಳತೆಗಳ ಮಹತ್ವವೇನೂ ಕಡಿಮೆಯದಲ್ಲ. ಸೂರ್ಯನಿಂದ ವಿದ್ಯುದಾವೇಶವುಳ್ಳ ಕಣಗಳು ಸತತವಾಗಿ ಹರಿದುಬರುತ್ತವೆಯೇ, ಇಲ್ಲವೇ ಆಗೊಮ್ಮೆ ಈಗೊಮ್ಮೆ ಸಿಡಿಯುತ್ತವೆಯೇ ಎಂಬ ವಾದಕ್ಕೆ ಅಲ್ಲಿ ಉತ್ತರ ಸಿಕ್ಕಿತು. ಹರಿವು ನಿರಂತರವಾದುದು, ಅದರ ವೇಗ ಸೆಕೆಂಡಿಗೆ ನೂರಾರು ಕಿಲೋಮೀಟರ್. ಇದೇ ಸೌರಮಾರುತ. ಮ್ಯಾರಿನರ್-2ರ ಮಾಹಿತಿಯನ್ನು ವಿಶ್ಲೇಷಿಸಿ, ಸೌರಮಾರುತದ ನಿರಂತರತೆಯನ್ನೂ ಭೂಕಾಂತತ್ವದ ಮೇಲೆ ಅದರ ಪರಿಣಾಮವನ್ನೂ ಸ್ಥಾಪಿಸಿದವರಲ್ಲಿ ರಾವ್ ಒಬ್ಬರು.

ಅನಂತರ ಟೆಕ್ಸಾಸ್‌ನ ಡಲ್ಲಾಸಿನಲ್ಲಿ ಅವರು ಸಹೋದ್ಯೋಗಿಗಳೊಡನೆ ಪಯೋನಿಯರ್ ನೌಕೆಗಳಿಗಾಗಿ ವಿಶ್ವಕಿರಣ ಶೋಧಕವನ್ನು ರೂಪಿಸಿದರು. 1965ರ ಡಿಸೆಂಬರ್ 16ರಂದು ಹಾರಿದ ಪಯೋನಿಯರ್-6 ನಿಮಿಷಕ್ಕೆ ಸುಮಾರು 60 ಬಾರಿ ತನ್ನ ಅಕ್ಷದ ಮೇಲೆ ತಿರುಗುತ್ತಿತ್ತು. ಈ ತಿರುಗುವಿಕೆಯನ್ನೇ ವಿಜ್ಞಾನಿಗಳು ಉಪಯೋಗಿಸಿಕೊಂಡರು. ಒಂದು ಸುತ್ತನ್ನು ನಾಲ್ಕು ಪಾಲುಗಳಾಗಿ ವಿಂಗಡಿಸಿ, ಪ್ರತಿ ಪಾಲಿನಲ್ಲಿ ಬಿದ್ದ ಕಣಗಳನ್ನು ಬೇರೆಬೇರೆಯಾಗಿ ಎಣಿಸಿದರೆ, ಯಾವ ದಿಕ್ಕಿನಿಂದ ಹೆಚ್ಚು ಬಂದವೆಂಬುದು ತಾನಾಗಿಯೇ ತಿಳಿಯುತ್ತದೆ. ಬಹು ಸರಳವಾದ ಉಪಾಯ, ಸರಳವಾದುದರಿಂದಲೇ ನೆಚ್ಚಬಹುದಾದುದು.

1966ರಲ್ಲಿ ರಾವ್ ಸ್ವದೇಶಕ್ಕೆ ಮರಳಿ ಅಹಮದಾಬಾದಿನಲ್ಲಿ ಪ್ರಾಧ್ಯಾಪಕರಾದರು. 1971ರ ಕೊನೆಯಲ್ಲಿ ಸಾರಾಭಾಯಿ ತೀರಿಕೊಂಡರು. ಮರುವರ್ಷ ಸೋವಿಯತ್ ಒಕ್ಕೂಟದೊಡನೆ ಒಪ್ಪಂದವಾಗಿ, ದೇಶದ ಮೊದಲ ಉಪಗ್ರಹವನ್ನು ನಿರ್ಮಿಸುವ ಹೊಣೆ ರಾವ್ ಅವರ ಮೇಲೆ ಬಿದ್ದಿತು. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳೇ ಕಾರ್ಯಾಗಾರವಾದವು. ತಂಡದಲ್ಲಿದ್ದವರಲ್ಲಿ ಬಹುಪಾಲು ತರುಣರು. ಉಪಗ್ರಹವೊಂದನ್ನು ಅದುವರೆಗೆ ಕಟ್ಟಿದವರಲ್ಲ.

360 ಕಿಲೋಗ್ರಾಂ ತೂಕದ 'ಆರ್ಯಭಟ' 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನ ಮೂಲಕ ಕಕ್ಷೆ ಸೇರಿತು. ಅದರಲ್ಲಿ ಕ್ಷ-ಕಿರಣ ಖಗೋಳವಿಜ್ಞಾನ, ಸೌರ ನ್ಯೂಟ್ರಾನ್ ಮತ್ತು ಗಾಮಾ ಕಿರಣ, ಅಯಾನುಗೋಲ ಇವುಗಳಿಗೆ ಸಂಬಂಧಿಸಿದ ಪ್ರಯೋಗಗಳಿದ್ದವು. ವಿದ್ಯುತ್ ಪೂರೈಕೆಯ ದೋಷದಿಂದ ಕೆಲವೇ ದಿನಗಳಲ್ಲಿ ಈ ಪ್ರಯೋಗಗಳು ನಿಂತುಹೋದವು. ಭೌತವಿಜ್ಞಾನಿಯೊಬ್ಬನಿಗೆ ಇದು ಸಣ್ಣ ನಷ್ಟವಲ್ಲ. ಆದರೂ ಉಪಗ್ರಹವನ್ನು ವಿನ್ಯಾಸಗೊಳಿಸುವ, ಪರೀಕ್ಷಿಸುವ, ನೆಲದಿಂದ ಅದರೊಡನೆ ಸಂಪರ್ಕವಿಟ್ಟುಕೊಳ್ಳುವ ಅನುಭವ ಬೆಂಗಳೂರಿನಲ್ಲೇ ಉಳಿಯಿತು. ಭಾಸ್ಕರ, ಆ್ಯಪಲ್, 1988ರ ಐಆರ್‌ಎಸ್-1ಎ ಇವೆಲ್ಲ ಆ ಅಡಿಪಾಯದ ಮೇಲೆ ಎದ್ದವು.

1984ರಿಂದ 1994ರವರೆಗೆ ಅವರು ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಅಧ್ಯಕ್ಷರಾಗಿದ್ದರು. ಉಪಗ್ರಹಗಳ ವಿಷಯದಲ್ಲಿ ಯಶಸ್ಸು ಕೂಡಿಬಂದರೂ ರಾಕೆಟ್ಟುಗಳು ಕಾಡಿದವು. ಎಎಸ್‌ಎಲ್‌ವಿ ವಾಹನ 1987ರಲ್ಲಿ ವಿಫಲವಾಯಿತು, 1988ರಲ್ಲಿ ಮತ್ತೆ ವಿಫಲವಾಯಿತು. 1993ರ ಸೆಪ್ಟೆಂಬರ್ 20ರಂದು ಪಿಎಸ್‌ಎಲ್‌ವಿಯ ಮೊದಲ ಉಡಾವಣೆಯೂ ಕೈಗೂಡಲಿಲ್ಲ. ಸೋಲಿನ ಕಾರಣಗಳನ್ನು ಪತ್ತೆಹಚ್ಚಿ ವಾಹನವನ್ನು ತಿದ್ದಿದುದರ ಫಲ 1994ರ ಅಕ್ಟೋಬರ್ 15ರಂದು ದೊರೆಯಿತು. ಆ ವೇಳೆಗೆ ರಾವ್ ಅಧ್ಯಕ್ಷಸ್ಥಾನವನ್ನು ಬಿಟ್ಟುಕೊಟ್ಟಿದ್ದರು.

ದೂರ ಸಂವೇದಿ ಉಪಗ್ರಹಗಳಿಗೆಂದು ಸಿದ್ಧವಾದ ಇದೇ ಪಿಎಸ್‌ಎಲ್‌ವಿ 2008ರ ಅಕ್ಟೋಬರ್ 22ರಂದು ಚಂದ್ರಯಾನ-1ನ್ನೂ, 2013ರ ನವೆಂಬರ್ 5ರಂದು ಮಂಗಳ ನೌಕೆಯನ್ನೂ ಹೊತ್ತೊಯ್ದಿತು. ಮಂಗಳ ಯೋಜನೆಯ ನಿರ್ದೇಶನ ಬೇರೆಯವರದು. ರಾವ್ ಅವರು ಆ ಕಾಲದಲ್ಲಿ ಬಾಹ್ಯಾಕಾಶ ವಿಜ್ಞಾನದ ಸಲಹಾ ಸಮಿತಿಯ ಅಧ್ಯಕ್ಷರಾಗಿದ್ದರು. ನೌಕೆಯನ್ನು ನೇರವಾಗಿ ಮಂಗಳದತ್ತ ಎಸೆಯುವ ಶಕ್ತಿ ರಾಕೆಟ್ಟಿಗಿರಲಿಲ್ಲ. ಆದಕಾರಣ ಭೂಮಿಯ ಸುತ್ತಲೇ ಕಕ್ಷೆಯನ್ನು ಹಂತಹಂತವಾಗಿ ಹಿಗ್ಗಿಸಿ, ಡಿಸೆಂಬರ್ 1ರಂದು ಅದನ್ನು ಮಂಗಳದ ದಾರಿಗೆ ಹಚ್ಚಲಾಯಿತು. ಮುಂದೆ ಸುಮಾರು 300 ದಿನ ಮುಖ್ಯ ಎಂಜಿನಿಗೆ ಕೆಲಸವಿಲ್ಲ. ಅಷ್ಟು ದಿನ ಮಲಗಿದ್ದ ಎಂಜಿನು ಸಮಯಕ್ಕೆ ಸರಿಯಾಗಿ ಹೊತ್ತಿಕೊಳ್ಳದಿದ್ದರೆ ನೌಕೆ ಮಂಗಳವನ್ನು ದಾಟಿ ಹೋಗಿಬಿಡುತ್ತಿತ್ತು. 2014ರ ಸೆಪ್ಟೆಂಬರ್ 22ರಂದು ನಾಲ್ಕು ಸೆಕೆಂಡು ಉರಿಸಿ ಪರೀಕ್ಷಿಸಲಾಯಿತು. 24ರ ಬೆಳಗ್ಗೆ ಎಂಜಿನು ಸುಮಾರು 24 ನಿಮಿಷ ಉರಿದು, ನೌಕೆ ಮಂಗಳದ ಕಕ್ಷೆಯನ್ನು ಸೇರಿತು. ಆರು ತಿಂಗಳಿಗೆಂದು ರೂಪಿಸಿದ ನೌಕೆ ಏಳೂವರೆ ವರ್ಷಗಳಿಗೂ ಮೀರಿ ಬಾಳಿ, 2022ರಲ್ಲಿ ಸಂಪರ್ಕ ಕಡಿದುಕೊಂಡಿತು.

ರಾವ್ 2017ರ ಜುಲೈ 24ರಂದು ಬೆಂಗಳೂರಿನಲ್ಲಿ ನಿಧನರಾದರು. ಬೆಂಗಳೂರಿನ ಉಪಗ್ರಹ ಕೇಂದ್ರಕ್ಕೆ 2018ರಲ್ಲಿ ಅವರ ಹೆಸರನ್ನಿಡಲಾಯಿತು. ಸೂರ್ಯನ ಅಧ್ಯಯನಕ್ಕಾಗಿ 2023ರ ಸೆಪ್ಟೆಂಬರ್ 2ರಂದು ಹೊರಟ ಆದಿತ್ಯ-ಎಲ್1 ನೌಕೆ, ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದ ತನ್ನ ನೆಲೆಯನ್ನು 2024ರ ಜನವರಿ 6ರಂದು ತಲುಪಿತು. ಅದರ ಏಳು ಉಪಕರಣಗಳಲ್ಲಿ ನೇರಳಾತೀತ ದೂರದರ್ಶಕವನ್ನು ನಿರ್ಮಿಸಿದುದು ಪುಣೆಯ ಅಂತರ ವಿಶ್ವವಿದ್ಯಾಲಯ ಖಗೋಳ ಕೇಂದ್ರ. ಸೌರಮಾರುತದ ಕಣಗಳು ಯಾವ ದಿಕ್ಕಿನಿಂದ ಎಷ್ಟು ಬರುತ್ತವೆಂಬುದನ್ನು ಅಳೆಯುವ ಉಪಕರಣ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ್ದು.