ಸಭೆಯ ಭಾರವನ್ನು ಹೊರುವವರು ಯಾರು?
(ಓದತಕ್ಕ ಭಾಗ: ವಿಮೋಚನಕಾಂಡ 18ನೆಯ ಅಧ್ಯಾಯ, ಅಪೊಸ್ತಲರ ಕೃತ್ಯಗಳು 6ನೆಯ ಅಧ್ಯಾಯ)

ಹಳೇಬೀಡಿಗೆ ಹತ್ತಿರವಾದ ಹುಲಿಕೆರೆಯಲ್ಲಿ ಹೊಯ್ಸಳರ ಕಾಲದ ಮೆಟ್ಟಿಲುಗಳುಳ್ಳ ಕೊಳವೊಂದುಂಟು. ನೋಡಬರುವವರು ಕಲ್ಲಿನ ಅಂದವನ್ನು ಹೊಗಳಿ ಹೋಗುವರು. ಈ ಸೀಮೆಯ ಬೇಸಾಯಗಾರನಿಗಾದರೋ ನೀರಿನ ಚಿಂತೆಯೇ ದೊಡ್ಡದು. ಹಿಂದಿನ ಕಾಲದಲ್ಲಿ ನಮ್ಮ ಕಡೆಯ ಕೆರೆಗಳಿಗೆ ನೀರುಗಂಟಿಯೆಂಬವನಿದ್ದನು. ತೂಬನ್ನು ತೆರೆದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡತಕ್ಕದ್ದೆಂದು ನೋಡುವುದು ಅವನ ಕೆಲಸ. ಕೆರೆಯೂ ಅವನದಲ್ಲ, ನೀರೂ ಅವನದಲ್ಲ. ಅವನ ಮಗನು ಚಿಕ್ಕಂದಿನಿಂದಲೇ ತಂದೆಯ ಹಿಂದೆ ಕಾಲುವೆಯುದ್ದಕ್ಕೂ ನಡೆದು ಆ ಕೆಲಸವನ್ನು ಕಲಿಯುತ್ತಿದ್ದನು. ತಂದೆಯು ಜ್ವರದಿಂದ ಮಲಗಿದರೂ ಗದ್ದೆ ಒಣಗುತ್ತಿರಲಿಲ್ಲ.

ನಮ್ಮ ಸಭೆಗಳಲ್ಲಿ ಹೇಗೆ? ಒಬ್ಬ ಸಭಾಪಾಲಕರಿಗೆ ಹಲವು ಹಳ್ಳಿಗಳು. ಅವರು ಬಾರದ ಭಾನುವಾರ ಕೆಲವೆಡೆ ದೇವಾಲಯದ ಬಾಗಿಲೇ ತೆರೆಯದು. ಕಾಣಿಕೆಯ ಲೆಕ್ಕವು ಒಬ್ಬ ಹಿರಿಯನ ಪೆಟ್ಟಿಗೆಯಲ್ಲಿರುವುದು. ಆತನು ತೀರಿಹೋದರೆ ಲೆಕ್ಕವು ಯಾರಿಗೂ ತಿಳಿಯದೆ, ಯಥಾರ್ಥನಾಗಿ ಬಾಳಿದವನ ಹೆಂಡತಿ ಮಕ್ಕಳ ಮೇಲೆ ಸಂಶಯ ಬೀಳುವುದು. ಕಳ್ಳತನಕ್ಕಿಂತ ಈ ಅಜಾಗ್ರತೆಯಿಂದಲೇ ಹೆಚ್ಚು ಸಭೆಗಳು ಒಡೆದವೆಂದು ನನ್ನ ಎಣಿಕೆ.

ಮೋಶೆಯು ಬೆಳಗಿನಿಂದ ಸಾಯಂಕಾಲದ ವರೆಗೂ ಒಬ್ಬನೇ ಕೂತು ನ್ಯಾಯತೀರಿಸುವುದನ್ನು ಅವನ ಮಾವನು ಕಂಡು, ಇದರಿಂದ ನೀನೂ ಬಳಲುವಿ, ಜನರೂ ಬಳಲುವರೆಂದು ಎಚ್ಚರಿಸಿದನು. ಸಾವಿರ, ನೂರು, ಐವತ್ತು, ಹತ್ತು ಮಂದಿಯ ಮೇಲೆ ನಂಬಿಗಸ್ತರನ್ನು ನೇಮಿಸಲು ಹೇಳಿದನು. ಯೆರೂಸಲೇಮಿನ ಸಭೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರ ವಿಷಯದಲ್ಲಿ ಗೊಣಗುಟ್ಟುವಿಕೆ ಉಂಟಾದಾಗ ಏಳು ಮಂದಿ ಆರಿಸಲ್ಪಟ್ಟರು. ಆ ಏಳು ಹೆಸರುಗಳೂ ಗ್ರೀಕ್ ಹೆಸರುಗಳೇ ಎಂಬುದನ್ನು ಗಮನಿಸಿರಿ. ದೂರು ಹೇಳಿದವರ ಕಡೆಯವರ ಕೈಗೇ ಹಂಚುವ ಕೆಲಸವು ಬಂದ ಹಾಗೆ ಕಾಣುತ್ತದೆ. ನಮ್ಮ ಹಳ್ಳಿಗಳಲ್ಲಾದರೋ ದೂರು ಹೇಳಿದವನನ್ನು ಹೊರಗಿಡುವುದೇ ವಾಡಿಕೆ!

ಘಟ್ಟದ ಕೆಳಗಿನ ಸಭೆಗಳು ಇದನ್ನು ಕಷ್ಟದಿಂದ ಕಲಿತವು. ಬಾಸೆಲ್ ಮಿಷನಿನವರು 1834ರಲ್ಲಿ ಮಂಗಳೂರಿಗೆ ಬಂದು ಶಾಲೆ, ಛಾಪಖಾನೆ, ಹೆಂಚಿನ ಕಾರ್ಖಾನೆಗಳನ್ನು ಸ್ಥಾಪಿಸಿದರು. 1914ರಲ್ಲಿ ಮಹಾಯುದ್ಧವು ಹುಟ್ಟಲು ಸರಕಾರದವರು ಜರ್ಮನ್ ಮಿಷನೆರಿಗಳನ್ನು ಬಂಧನದಲ್ಲಿಟ್ಟು, ತರುವಾಯ ದೇಶದಿಂದ ಕಳುಹಿಸಿಬಿಟ್ಟರು. ಕಾರ್ಖಾನೆಗಳು ಪರರ ಕೈಸೇರಿದವು. ಕೂಲಿಗೂ ಸಂಬಳಕ್ಕೂ ಮಿಷನಿನ ಕೈಯನ್ನೇ ನೋಡುತ್ತಿದ್ದ ಸಭೆಗಳಿಗೆ ಇದು ದೊಡ್ಡ ಪೆಟ್ಟು. ಆದಾಗ್ಯೂ ಸಭೆಗಳು ಅಳಿಯಲಿಲ್ಲ. ಈ ದೇಶದ ಪಾಲಕರೂ ಉಪದೇಶಿಗಳೂ ಹಿರಿಯರೂ ಇದ್ದರು. ಇಂಥವರು ಒಂದೇ ರಾತ್ರಿಯಲ್ಲಿ ಸಿದ್ಧರಾಗುವುದಿಲ್ಲ. 1844ರಲ್ಲಿ ದೀಕ್ಷಾಸ್ನಾನ ಹೊಂದಿದ ಆನಂದರಾವ್ ಕೌಂಡಿನ್ಯರು ಬಾಸೆಲಿಗೆ ಹೋಗಿ ಕಲಿತು, 1851ರಲ್ಲಿ ಬೋಧಕರಾಗಿ ಹಿಂದಿರುಗಿದ್ದರು. ಯುದ್ಧಕ್ಕೆ ಅರುವತ್ತು ವರುಷಗಳ ಮುಂಚೆಯೇ ಆ ಬಿತ್ತನೆ ಆಗಿತ್ತು. ಹಣದ ವಿಷಯದಲ್ಲಿ ಅಂಥ ಮುಂದಾಲೋಚನೆ ಇರಲಿಲ್ಲ.

ಆದದರಿಂದ ಈ ವರುಷ ರಾಗಿಯ ಕೊಯ್ಲು ಮುಗಿದ ಮೇಲೆ ಹಿರಿಯರು ಒಂದು ಸಾಯಂಕಾಲ ಕೂಡಿ ಕೂತುಕೊಳ್ಳಲಿ. ಮಳೆಗೆ ಮುಂಚೆ ಹೆಂಚು ಸರಿಮಾಡಿಸುವುದು, ರೋಗಿಗಳನ್ನು ನೋಡುವುದು, ಮಕ್ಕಳಿಗೆ ಪಾಠ ಹೇಳುವುದು, ಪಾಲಕರಿಲ್ಲದ ಭಾನುವಾರ ವಾಕ್ಯ ಓದುವುದು, ಕಾಣಿಕೆ ಎಣಿಸುವುದು, ಇವೆಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದು, ಪ್ರತಿ ಕೆಲಸದ ಮುಂದೆ ಎರಡು ಹೆಸರು ಹಾಕಲಿ: ಮಾಡುವವರದೊಂದು, ಜೊತೆಗಿದ್ದು ಕಲಿಯುವವರದೊಂದು. ಎರಡನೆಯ ಹೆಸರಿಗೆ ಹೆಣ್ಣುಮಕ್ಕಳನ್ನು ಮರೆಯಬೇಡಿರಿ; ಅನೇಕ ಮನೆಗಳಲ್ಲಿ ಚೆನ್ನಾಗಿ ಓದಬಲ್ಲವರು ಅವರೇ. ಹಣವನ್ನಂತೂ ಇಬ್ಬರು ಕೂಡಿಯೇ ಎಣಿಸಿ, ಇಬ್ಬರೂ ರುಜು ಹಾಕಲಿ. ಆ ಪುಸ್ತಕವು ಯಾರ ಮನೆಗೂ ಹೋಗದೆ ದೇವಾಲಯದ ಪೆಟ್ಟಿಗೆಯಲ್ಲಿರಲಿ. ಬೀಗದ ಕೈ ಎರಡಿರಲಿ.